ಜೋಡಣೆಯಿಲ್ಲದ ವಾಯರ್

ಅಕ್ಕನ ಗಂಡ ತೀರಿಕೊಂಡಾಗ ನಾನು ವಿಜಯಪುರದಲ್ಲಿ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರನ್ನು ಆಗ ಎಲ್ಲರೂ ಬಿಜಾಪುರ ಅಂತಲೇ ಕರೆಯುತ್ತಿದ್ದರು. ನಮ್ಮದು ಬಬಲೇಶ್ವರದ ಒಕ್ಕಲುತನದ ಮನೆ, ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಅವತ್ತು ನನ್ನ ಕೋಣೆಗೆ ಬಂದವರು ತಿಕೋಟಾದಿಂದ ಪೇಟೆಗೆ ಹಾಲು ತರುವ ಒಬ್ಬರು. ಬಾಗಿಲಲ್ಲೇ ನಿಂತು, "ನಿಮ್ಮ ಅಕ್ಕಾರ ಮನಿಯಾಗ ತ್ರಾಸ ಆಗೇತ್ರಿ, ಈಗಿಂದೀಗ ನಡೀರಿ," ಎಂದರು. ಯಾರಿಗೆ ಏನಾಗಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಅಕ್ಕನ ಮಾವನಿಗೇ ಏನೋ ಆಗಿರಬೇಕು, ವಯಸ್ಸಾದವರು ಎಂದುಕೊಂಡೆ. ಮನೆಯ ಮುಂದೆ ಹೋದಾಗ ಆ ಹಿರಿಯರು ಕಟ್ಟೆಯ ಮೇಲೆ ತಲೆಗೆ ಕೈ ಹಚ್ಚಿ ಕೂತಿದ್ದರು. ಆಗ ತಿಳಿಯಿತು.

ಭಾವನಿಗೆ ಯಂತ್ರಗಳೆಂದರೆ ಬಹಳ ಪ್ರೀತಿ. ಸಾಂಗಲಿಯ ಕಡೆಯಿಂದ ಕಣಿಕೆ ಕತ್ತರಿಸುವ ಹಳೆಯ ಕೈಯಂತ್ರವೊಂದನ್ನು ತಂದಿದ್ದರು. ಕಣಿಕೆ ಎಂದರೆ ಜೋಳದ ಒಣ ದಂಟು, ನಮ್ಮ ಕಡೆಯ ದನಗಳ ಹೊಟ್ಟೆ ತುಂಬುವುದೇ ಅದರಿಂದ. ಇಡೀ ದಂಟು ಹಾಕಿದರೆ ದನ ಎಲೆ ಎಳೆದು ತಿಂದು, ಬುಡವನ್ನು ತುಳಿದು ಕೆಡಿಸುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಒಂದು ಕಡ್ಡಿಯನ್ನೂ ಬಿಡುವುದಿಲ್ಲ. ಎದೆಯೆತ್ತರದ ಕಬ್ಬಿಣದ ಗಾಲಿ, ಅದಕ್ಕೆ ಎರಡು ಬಾಗಿದ ಅಲಗು. ಅದನ್ನು ಇಬ್ಬರು ನಿಂತು ತಿರುಗಿಸಬೇಕಾಗಿತ್ತು. ಭಾವ ಅದಕ್ಕೆ ಒಂದು ಮೋಟಾರು ಕೂಡಿಸಿ, ಹಿತ್ತಿಲ ಬೇವಿನ ಗಿಡದ ಕೆಳಗೆ ಕಲ್ಲುಗಳನ್ನು ಹೂಳಿ, ಸಿಮೆಂಟು ಹಾಕಿ ಭದ್ರವಾಗಿ ನಿಲ್ಲಿಸಿದ್ದರು. ಅದು ಮೊದಲ ಸಲ ತಿರುಗಿದ ದಿನ ಓಣಿಯ ಹೆಂಗಸರೆಲ್ಲ ಬಂದು ನೋಡಿದ್ದರಂತೆ. ಎಮ್ಮೆಗಳು ಸದ್ದಿಗೆ ಹೆದರಿ ಗೂಟ ಕಿತ್ತಿದ್ದವಂತೆ. ಅಕ್ಕ ನಗುನಗುತ್ತಲೇ ಇದನ್ನು ನನಗೆ ಹೇಳಿದ್ದಳು.

ಕರೆಂಟಿನ ಮೀಟರು ಇದ್ದದ್ದು ಮನೆಯ ಪಡಸಾಲೆಯಲ್ಲಿ. ಅಲ್ಲಿಂದ ಹಿತ್ತಿಲು ದಾಟಿ ಬೇವಿನ ಗಿಡದವರೆಗೆ ವಾಯರ್ ಎಳೆಯಬೇಕು. ಮನೆಯಲ್ಲಿ ಒಂದು ತುಂಡು ಇತ್ತು, ಅವರದೇ ಮದುವೆಯ ಹಂದರಕ್ಕೆ ದೀಪ ಹಾಕಲು ತಂದದ್ದು. ಅದು ಸಾಲದೆ ಹೋದಾಗ ಇನ್ನೊಂದು ತುಂಡು ತಂದು, ನಡುವೆ ಎಳೆಗಳನ್ನು ಹೊಸೆದು, ಕರಿಯ ಪಟ್ಟಿ ಸುತ್ತಿದ್ದರು. ಎರಡು ಬೇಸಿಗೆ ಆ ಜೋಡಣೆ ಬಿಸಿಲಲ್ಲೇ ಬಿದ್ದಿತ್ತು. ಪಟ್ಟಿಯ ಅಂಟು ಒಣಗಿ ಬಿಚ್ಚಿಕೊಳ್ಳುತ್ತಿತ್ತು. ಹೊಸದು ತರಬೇಕೆಂದು ಭಾವ ಹೇಳುತ್ತಲೇ ಇದ್ದರು. ರಾಶಿ ಬಂತು, ದ್ರಾಕ್ಷಿ ಕೊಯ್ಲು ಬಂತು, ಪೇಟೆಗೆ ಹೋದಾಗ ಬೇರೆ ಕೆಲಸ ನೆನಪಾಯಿತು. ಎಲ್ಲರ ಮನೆಯಲ್ಲೂ ಹೀಗೆ ಮುಂದೆ ಹೋಗುವ ಕೆಲಸಗಳಿರುತ್ತವೆ.

ಆ ದಿನ ಮಧ್ಯಾಹ್ನ ಒಂದು ಹದ ಮಳೆ ಬಿದ್ದು ನಿಂತಿತ್ತು. ದನಗಳಿಗೆ ಮೇವು ಹಾಕುವ ಗೋದಲಿಯ ಬದಿಗೆ ನೀರು ನಿಂತಿದ್ದನ್ನು ನೋಡಿ, ವಾಯರ್ ನೆನೆಯುತ್ತದೆಂದು ಭಾವ ಅದನ್ನು ಎತ್ತಿ ಗಿಡದ ಕೊಂಬೆಗೆ ಹಾಕಲು ಹೋದರು. ಯಂತ್ರದ ಹತ್ತಿರದ ಸ್ವಿಚ್ಚಿನ ಗುಂಡಿ ಆರಿಸಿದ್ದರು, ಪಡಸಾಲೆಯದನ್ನು ಆರಿಸಿರಲಿಲ್ಲ. ಕೈಗೆ ಸಿಕ್ಕಿದ್ದು ಆ ಜೋಡಣೆಯೇ. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಸದ್ದು ಕೇಳಿ ಓಡಿ ಬಂದಾಗ, ಅವಳ ಮಾವ ದೂರದಿಂದಲೇ "ಮುಟ್ಟಬ್ಯಾಡ! ಒಳಗ ಮೇನ್ ತಗಿ!" ಎಂದು ಕೂಗಿದರು. ಅವಳು ಹಿಟ್ಟಿನ ಕೈಯಲ್ಲೇ ತೆಗೆದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಂಚನಾಮೆ ಆಯಿತು, ಮಣ್ಣು ಆಯಿತು. ಅಕ್ಕನ ಮಾವ ಆ ವಾಯರನ್ನು ಕೊಡಲಿಯಿಂದ ತುಂಡು ತುಂಡು ಮಾಡಿ ತಿಪ್ಪೆಯ ಆಚೆಗೆ ಹೂಳಿದರು. ಯಂತ್ರಕ್ಕೆ ತಾಡಪತ್ರಿ ಹೊದಿಸಿ ಹಗ್ಗದಿಂದ ಬಿಗಿದರು. ದಿನಕರ್ಮಗಳೆಲ್ಲ ಮುಗಿದ ಮೇಲೆ ನಮ್ಮಪ್ಪ ಬಬಲೇಶ್ವರದಿಂದ ಅಕ್ಕನನ್ನು ಕರೆದೊಯ್ಯಲು ಬಂದರು. ಅಕ್ಕನ ಮಗಳು ಆಗಷ್ಟೇ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಳು. ಅತ್ತೆ ಎಂದೋ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ಅಕ್ಕ, ಮಗು ಮತ್ತು ಮಾವ, ಮೂವರೇ.

"ನಡಿ ಯವ್ವಾ, ನಮ್ಮ ಮನಿಗಿ ಹೋಗೂನು," ಎಂದರು ಅಪ್ಪ.

ಅಕ್ಕ ಕಟ್ಟೆಯ ಮೇಲೆ ಕೂತ ಮಾವನ ಕಡೆ ಒಮ್ಮೆ ನೋಡಿದಳು. ಆಮೇಲೆ, "ಯಪ್ಪಾ, ನಾ ಬಂದ್ನೆಂದ್ರ ಇವರಿಗಿ ರೊಟ್ಟಿ ಯಾರು ಮಾಡಿ ಹಾಕ್ತಾರ? ದನಾ ಯಾರು ನೋಡ್ತಾರ? ನನಗ ಇಲ್ಲೇ ಇರೂದೈತಿ," ಎಂದಳು.

ಅಪ್ಪ ಮೊಮ್ಮಗಳನ್ನು ಎತ್ತಿಕೊಂಡು ಓಣಿಯ ಕೊನೆಯವರೆಗೆ ಹೋಗಿ ಬಂದರು, ಅವಳನ್ನು ಅಕ್ಕನ ತೊಡೆಗೆ ಇಳಿಸಿ ಬಸ್ಸಿಗೆ ಹೊರಟರು.

ಆಮೇಲಿನ ತಿಂಗಳುಗಳಲ್ಲಿ ನಾನು ರಜೆ ಸಿಕ್ಕಾಗಲೆಲ್ಲ ತಿಕೋಟಾಕ್ಕೆ ಹೋಗುತ್ತಿದ್ದೆ. ಬೆಳಗಾಗುವ ಮೊದಲೇ ಹಿತ್ತಿಲಿನಿಂದ ಕಟ್, ಕಟ್ ಎಂಬ ಸದ್ದು. ಅಕ್ಕನ ಮಾವ ಒಂದು ಮರದ ದಿಮ್ಮಿಯ ಮೇಲೆ ಕಣಿಕೆ ಇಟ್ಟು ಕೊಯ್ತಾದಿಂದ, ಎಂದರೆ ಅಗಲ ಅಲಗಿನ ಕತ್ತಿಯಿಂದ, ಕಡಿಯುತ್ತಿದ್ದರು. ಅವರಿಗೆ ಭುಜದ ನೋವು. ನಾಲ್ಕು ಪೆಟ್ಟು ಹಾಕಿ ನಿಲ್ಲುವರು, ಉಸಿರು ಬಿಡುವರು, ಮತ್ತೆ ನಾಲ್ಕು ಪೆಟ್ಟು. ಅಕ್ಕ ಹಾಲು ಕರೆದು ಬಂದು ಕೊಯ್ತಾ ಇಸಿದುಕೊಳ್ಳುವಳು. ಅವಳ ಅಂಗೈ ನಮ್ಮಪ್ಪನ ಅಂಗೈಯಂತೆ ಒರಟಾಗಿತ್ತು. ಎರಡು ಎಮ್ಮೆ, ಒಂದು ಜೋಡಿ ಎತ್ತು, ಒಂದು ಹಸು. ಅಷ್ಟಕ್ಕೂ ಸಾಲುವಷ್ಟು ಕಡಿಯುವುದು ಅವರಿಬ್ಬರಿಂದ ಆಗುತ್ತಿರಲಿಲ್ಲ. ಉಳಿದದ್ದನ್ನು ಇಡಿಯಾಗಿ ಹಾಕುವರು. ಕಾಲ ಕೆಳಗೆ ಬುಡಗಳೆಲ್ಲ ಸೆಗಣಿಯಲ್ಲಿ ಹೂತು ಹೋಗುತ್ತಿದ್ದವು. ಅಷ್ಟು ದೂರದಲ್ಲೇ ತಾಡಪತ್ರಿ ಹೊದ್ದು ನಿಂತ ಯಂತ್ರದ ಕಡೆಗೆ ಯಾರೂ ಮುಖ ತಿರುಗಿಸುತ್ತಿರಲಿಲ್ಲ.

ದೀಪಾವಳಿಯ ರಜೆಯಲ್ಲಿ ನಾನು ಅಲ್ಲಿದ್ದಾಗ ಸಾರವಾಡದಿಂದ ಒಬ್ಬರು ಯಂತ್ರ ಕೊಳ್ಳುತ್ತೇವೆಂದು ಬಂದರು. ಒಳ್ಳೆಯ ಮನುಷ್ಯ. ಆದದ್ದು ಕೇಳಿ ತಿಳಿದಿದ್ದರಿಂದ ತಗ್ಗಿದ ದನಿಯಲ್ಲೇ ಮಾತಾಡಿದರು. ಅಕ್ಕನ ಮಾವ ಅವರಿಗೆ ಚಹಾ ಕೊಡಿಸಿ, "ಕೊಡೂದಿಲ್ರಿ," ಎಂದಷ್ಟೇ ಹೇಳಿ ಕಳಿಸಿಬಿಟ್ಟರು.

ಅವರು ಹೋದ ಮೇಲೆ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸೆರಗು ತಲೆಯ ಮೇಲೆಳೆದುಕೊಂಡಳು. ಮಾವನ ಎದುರು ಅವಳು ದನಿ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಅವತ್ತೂ ಎತ್ತಲಿಲ್ಲ.

"ಮಾವಾರ, ಮಷಿನ್ ಮಾರೂದಿಲ್ಲಂದ್ರ ಚಾಲೂ ಮಾಡೂನ್ರಿ."

ಅವರು ತಲೆ ಎತ್ತಿ ಅವಳನ್ನು ನೋಡಿದರು. "ಏನಂದಿ?"

"ಹೊಸಾ ವಾಯರ ತರೂನ್ರಿ. ಚಲೋದು. ಹಂಗ ಇಟ್ರ ತುಕ್ಕ ಹಿಡಿತೈತಿ. ನಿಮ್ಮ ಭುಜಾ ನೋಡಾಕ ಆಗವಲ್ತು ನನಗ."

"ಅದರ ಸುದ್ದಿ ಎತ್ತಬ್ಯಾಡವ್ವಾ. ಆ ಕರೆಂಟ್ ನನ್ನ ಮಗನ್ನ ತಿಂದೈತಿ."

"ನನ್ನ ಗಂಡನ್ನೂ ತಿಂದೈತ್ರಿ," ಎಂದಳು ಅಕ್ಕ. "ದೀಪಾ ಹಚ್ಚೂದು ಬಿಟ್ಟೀವೇನ್ರಿ? ಅದ ಕರೆಂಟಿನ ಬೆಳಕಿನ್ಯಾಗ ನಿಮ್ಮ ಮಮ್ಮಗಳಿಗಿ ಉಣ್ಣಾಕ ನೀಡಾಕತ್ತೇನಿ."

ಅವರು ಎದ್ದು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೊಲಕ್ಕೆ ಹೋದರು.  ಅವರು ಕಣ್ಣಿಗೆ ಮರೆಯಾದ ಮೇಲೆ ಅಕ್ಕ ಬಾವಿಯ ಹಗ್ಗ ತಂದು, ಒಂದು ತುದಿಯನ್ನು ಪಡಸಾಲೆಯ ಮೀಟರಿನ ಕೆಳಗೆ ನನ್ನ ಕೈಯಲ್ಲಿ ಕೊಟ್ಟಳು. ತಾನು ಇನ್ನೊಂದು ತುದಿ ಹಿಡಿದು ಹಿತ್ತಿಲಿಗೆ ಹೋದಳು. ಗೋಡೆಯ ಮೇಲಿನಿಂದ ಗೋದಲಿ ಸುತ್ತಿ ಬೇವಿನ ಗಿಡದವರೆಗೆ ಎಳೆದು, ಅಳತೆಯ ಗುರುತಿಗೆ ಗಂಟು ಹಾಕಿದಳು. ಗಂಟು ಹಾಕಿದ ಮೇಲೂ ಅವಳು ತುದಿ ಬಿಡಲಿಲ್ಲ, ನನ್ನ ಕೈಯಲ್ಲಿ ಹಗ್ಗ ಬಿಗಿದೇ ಇತ್ತು. ನಾನು ಬಾಗಿಲಿಗೆ ಬಂದು ನೋಡಿದೆ. ಭಾವ ಬಿದ್ದ ಜಾಗದಲ್ಲಿ ನಿಂತು ಅವಳು ನೆಲ ನೋಡುತ್ತಿದ್ದಳು. ಆಮೇಲೆ ತಾಡಪತ್ರಿಯ ಒಂದು ಮೂಲೆ ಎತ್ತಿ, ಮೋಟಾರಿನ ಮೈಮೇಲಿನ ತಗಡಿನಲ್ಲಿ ಏನು ಬರೆದಿದೆ ಓದು ಎಂದಳು. ಅದು ಇಂಗ್ಲಿಷಿನಲ್ಲಿತ್ತು. ಎರಡು ಎಚ್.ಪಿ. ಎಂದು ಓದಿ ಹೇಳಿದೆ. ಅವಳು ಬಾಯಲ್ಲೇ ಎರಡು ಮೂರು ಸಲ ಹೇಳಿಕೊಂಡಳು.

ಕೆಲವು ದಿನಗಳ ಮೇಲೆ ಅವಳು ಮಗುವನ್ನು ಪಕ್ಕದ ಮನೆಯವರಲ್ಲಿ ಬಿಟ್ಟು, ಹಗ್ಗವನ್ನು ಕೈಚೀಲದಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಬಂದಳು. ಗಂಡ ಸತ್ತ ಮೇಲೆ ಊರು ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ಬಸ್‌ಸ್ಟ್ಯಾಂಡಿನ ಜನರ ನಡುವೆ ಬರಿಯ ಹಣೆಯ ಅಕ್ಕನನ್ನು ಕಂಡಾಗ, ಮನೆಯಲ್ಲಿ ಅಷ್ಟು ದಿನ ಕಂಡಿದ್ದೇ ಆದರೂ, ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಅವಳಿಗೆ ಅದು ತಿಳಿಯಿತೇನೋ. "ನಡಿ, ಹೊತ್ತಾಕ್ಕೈತಿ," ಎಂದು ಮುಂದೆ ನಡೆದಳು. ಟಾಂಗಾ ಹತ್ತೋಣ ಎಂದರೆ ಬೇಡ ಎಂದಳು.

ಬಜಾರಿನ ಮೊದಲ ಅಂಗಡಿಯಲ್ಲಿ ಒಬ್ಬ ಚುರುಕು ಮನುಷ್ಯ ಇದ್ದ. ನಾವು ಹೇಳಿ ಮುಗಿಸುವ ಮೊದಲೇ, ಬಿಳಿಯ ತೆಳ್ಳನೆಯ ಅವಳಿ ವಾಯರಿನ ಸುರುಳಿಯೊಂದನ್ನು ಗಲ್ಲೆಯ ಮೇಜಿನ ಮೇಲೆ ಹಾಕಿದ. "ಇದನ್ನ ಎಲ್ಲಾರೂ ಒಯ್ತಾರ್ರಿ. ಹಗೂರ ಐತಿ, ತುಟ್ಟಿನೂ ಅಲ್ಲ. ಒಳಗ ಹೊರಗ ಎಲ್ಲಾ ಕಡೆ ನಡೀತೈತಿ."

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಬೆರಳುಗಳ ನಡುವೆ ಹೊಸೆದಳು. "ಮಳಿಯಾಗ ಬಿದ್ರ ನಡೀತೈತೇನ್ರಿ?"

"ಮಳಿಯಾಗ ಯಾಕ ಹಾಕ್ತೀರಿ?"

"ನಾವೇನ ಹಾಕೂದಿಲ್ರಿ. ಮಳಿ ನಮ್ಮನ್ನ ಕೇಳಿ ಬರೂದಿಲ್ಲಲ್ರಿ."

ಅವನು ನನ್ನ ಕಡೆ ತಿರುಗಿ, "ಗಂಡಸರು ಯಾರೂ ಬಂದಿಲ್ಲೇನ್ರಿ ನಿಮ್ಮ ಜೋಡಿ? ಇದೆಲ್ಲಾ ಅವರಿಗಿ ತಿಳಿತೈತಿ," ಎಂದ.

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕ ಸುರುಳಿಯನ್ನು ನಿಧಾನವಾಗಿ ಗಲ್ಲೆಯ ಮೇಲಿಟ್ಟು, "ಇಲ್ರಿ, ನಾವ ಬಂದೀವಿ," ಎಂದು ಮೆಟ್ಟಿಲಿಳಿದಳು.

ಎರಡನೆಯ ಅಂಗಡಿ ಒಂದು ಗಲ್ಲಿಯ ಒಳಗಿತ್ತು. ಪಂಪಿನ ಸಾಮಾನು, ಮೋಟಾರು, ಪಟ್ಟಾ, ಪೈಪುಗಳ ನಡುವೆ ಒಬ್ಬ ವಯಸ್ಸಾದ ಅಂಗಡಿಕಾರರು ಕೂತಿದ್ದರು. ಕೂಡಲು ಎರಡು ಸ್ಟೂಲು ಕೊಡಿಸಿದರು. ಏನು ಬೇಕು ಎನ್ನುವ ಮೊದಲು ಯಾತಕ್ಕೆ ಬೇಕು ಎಂದು ಕೇಳಿದರು. ಅಕ್ಕ ಹೇಳಿದಳು: ಕಣಿಕೆ ಕತ್ತರಿಸುವ ಯಂತ್ರ, ಹಿತ್ತಿಲಲ್ಲಿದೆ, ಮೋಟಾರು ಎರಡು ಎಚ್.ಪಿ., ವಾಯರ್ ಬಿಸಿಲಲ್ಲಿ ಬೀಳುತ್ತದೆ, ದನ ಓಡಾಡುತ್ತವೆ.

"ಎಷ್ಟು ದೂರ ಐತ್ರಿ?"

ಅಕ್ಕ ಚೀಲದಿಂದ ಹಗ್ಗ ತೆಗೆದು ಅವರ ಮುಂದಿಟ್ಟಳು. "ಈ ಗಂಟಿನ ತನಕಾ ಬೇಕ್ರಿ."

ಅಂಗಡಿಕಾರರು ಹಗ್ಗವನ್ನು ನೋಡಿ ಒಳಗೆ ಹೋಗಿ ಕಪ್ಪು ರಬ್ಬರಿನ ದಪ್ಪ ಕೇಬಲ್ ಎತ್ತಿಕೊಂಡು ಬಂದರು. ನನ್ನ ಹೆಬ್ಬೆರಳಿನಷ್ಟು ದಪ್ಪವಿತ್ತು. ಅದರ ತುದಿಯ ರಬ್ಬರ್ ಕೊಯ್ದು ಒಳಗಿನ ಮೂರು ಎಳೆ ಬಿಡಿಸಿ ತೋರಿಸಿದರು. ಕೆಂಪು, ಕಪ್ಪು, ಹಸಿರು.

"ನೋಡ್ರಿ ಅಕ್ಕಾರ, ದೂರ ಹೆಚ್ಚಾದಂಗ ವಾಯರ್ ದಪ್ಪ ಇರಬೇಕ್ರಿ. ತೆಳ್ಳಂದು ಹಾಕಿದ್ರ ಮೋಟಾರಿಗಿ ಕರೆಂಟ್ ಪೂರಾ ಮುಟ್ಟೂದಿಲ್ಲ. ಅದು ಹೂಂಕರಿಸಿ ಬಿಸಿ ಆಕ್ಕೈತಿ, ವಾಯರೂ ಬಿಸಿ ಆಕ್ಕೈತಿ. ಇದರ ಮ್ಯಾಲಿನ ರಬ್ಬರ್ ಬಿಸಲಿಗಿ, ನೀರಿಗಿ ಗಟ್ಟಿ. ಈ ಹಸರದು ಐತೆಲ್ಲಾ, ಇದು ಭೂಮಿಗಿ ಹೋಗೂದು. ಮೋಟಾರಿನ ಮೈಯಾಗ ಕರೆಂಟ್ ಇಳದ್ರ ಅದನ್ನ ಇದು ಮಣ್ಣಿಗಿ ಒಯ್ತೈತಿ, ಫ್ಯೂಸ್ ಹಾರ್ತೈತಿ."

"ಮನಷ್ಯಾನ ಮೈಯಾಗಿಂದ ಹೋಗೂದಿಲ್ಲ?"

"ಹಸರದು ಬರೋಬ್ಬರಿ ಕಟ್ಟಿದ್ರ ಹೋಗೂದಿಲ್ರಿ. ಆದರ ನಿಮ್ಮ ಮನಿಯಾಗ ಮೀಟರಿನ ಹಂತ್ಯಾಕ ಭೂಮಿಗಿ ತಗಡ ಹುಗಿದಾರೋ ಇಲ್ಲೋ? ಅದಿಲ್ಲಂದ್ರ ಈ ಹಸರ ವಾಯರ್ ಇದ್ದೂ ಇಲ್ಲದಂಗ."

ಅಕ್ಕನಿಗೆ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೊದಲು ಅದನ್ನು ಮಾಡಿಸಿ, ಆಮೇಲೆ ಇದನ್ನು ಹಚ್ಚಿ ಎಂದು ಅವರು ಎರಡು ಸಲ ಹೇಳಿದರು. ಆಮೇಲೆ ಆಳಿನ ಕೈಯಲ್ಲಿ ಕೇಬಲ್ಲನ್ನು ಹಗ್ಗದ ಜೊತೆಗೆ ಅಂಗಡಿಯ ಮುಂದಿನ ಗಲ್ಲಿಯ ಉದ್ದಕ್ಕೂ ಬಿಚ್ಚಿಸಿದರು. ಕೇಬಲ್ ಮುಗಿಯಿತು, ಗಂಟು ಇನ್ನೂ ಆಚೆಗಿತ್ತು. ನಾಲ್ಕೈದು ಮಾರು ಕಡಿಮೆ.

"ಇನ್ನೊಂದು ತುಂಡ ಐತ್ರಿ," ಎಂದರು ಅಂಗಡಿಕಾರರು. "ಕೂಡಿಸಿ ಕೊಡ್ತೇನಿ. ಡಬ್ಬಿ ಹಾಕಿ, ಸ್ಕ್ರೂ ಬಿಗದು, ಪಕ್ಕಾ ಮಾಡಿ..."

"ಬ್ಯಾಡ್ರಿ," ಎಂದಳು ಅಕ್ಕ.

"ನಾ ಸ್ವತಾ ಮಾಡಿ ಕೊಡ್ತೇನಲ್ರಿ, ಹೆದರಬ್ಯಾಡ್ರಿ."

"ನಮ್ಮ ಮನಿಯವರು ಜೋಡಣಿ ಹಿಡದ ಹ್ವಾದ್ರಿ."

ಗಲ್ಲಿಯಲ್ಲಿ ಸೈಕಲ್ಲೊಂದು ಕೇಬಲ್ ದಾಟಲಾರದೆ ನಿಂತಿತ್ತು. ಆಳು ಅದನ್ನು ಸರಿಸುವುದನ್ನೂ ಮರೆತು ಅಕ್ಕನನ್ನೇ ನೋಡುತ್ತಿದ್ದ. ಅಂಗಡಿಕಾರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ಪೂರಾ ಉದ್ದದ ಸುರುಳಿ ಸೊಲ್ಲಾಪುರದಿಂದ ಬರಬೇಕು, ಯಾವಾಗ ಬರುತ್ತದೆಂದು ಸುಳ್ಳು ಹೇಳಲಾರೆ ಎಂದರು.

ಅಕ್ಕ ಸ್ಟೂಲಿನ ಮೇಲೆ ಕೂತು, ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡು ಯೋಚಿಸತೊಡಗಿದಳು. ಅವಳ ಕಣ್ಣು ಮುಚ್ಚಿತ್ತು. ಅವಳು ಮನಸ್ಸಿನಲ್ಲಿ ಹಿತ್ತಿಲನ್ನು ನೋಡುತ್ತಿದ್ದಾಳೆಂದು ನನಗೆ ತಿಳಿಯಿತು. ಆಮೇಲೆ ಎದ್ದು, ಕೇಬಲ್ ಮುಗಿದ ಜಾಗಕ್ಕೆ ಸರಿಯಾಗಿ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು.

"ಇದನ್ನ ಕೊಡ್ರಿ. ಮಷಿನ್ನ ಈಚೆ ಸರಸ್ತೇನಿ."

ನಾನು ಅವಳ ಕೈ ಹಿಡಿದೆ. ಕಲ್ಲು ಹೂತು ಸಿಮೆಂಟು ಹಾಕಿದ ಯಂತ್ರ ಅದು, ಭಾವ ತಮ್ಮ ಕೈಯಾರೆ ಕೂಡಿಸಿದ್ದು. ಅವಳು ನನ್ನ ಮುಖ ನೋಡಿ, "ಗೊತ್ತೈತಿ," ಎಂದಳು, ಅಷ್ಟೇ.

ಅಂಗಡಿಕಾರರು ಕೇಬಲ್ಲಿನ ತುದಿಗೆ ಮೂರು ಕಾಲಿನ ಪಿನ್ನನ್ನು ತಾವೇ ಕೂತು ಹಾಕಿಕೊಟ್ಟರು. ಕನ್ನಡಕ ಹಣೆಗೇರಿಸಿ ಒಂದೊಂದೇ ಸ್ಕ್ರೂ ಬಿಗಿದರು, ಎಳೆದು ನೋಡಿದರು, ಅಕ್ಕನಿಗೂ ಎಳೆದು ನೋಡಲು ಹೇಳಿದರು. ಯಂತ್ರ ನಡೆಯುವಾಗ ಕೇಬಲ್ಲನ್ನು ಸುತ್ತಿ ಇಡಬಾರದು, ಪೂರ್ತಿ ಬಿಚ್ಚಿ ಹಾಕಬೇಕು, ಸುತ್ತಿದರೆ ಒಳಗೇ ಕಾಯುತ್ತದೆ ಎಂದರು. ಮೊದಲು ಪಡಸಾಲೆಯ ಗುಂಡಿ ಆರಿಸಿ, ಪಿನ್ ಕಿತ್ತು, ಆಮೇಲೆಯೇ ಕೇಬಲ್ ಮುಟ್ಟಬೇಕು ಎಂದರು. ಅದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. ಅಕ್ಕ ಒಂದೊಂದಕ್ಕೂ "ಹೂಂನ್ರಿ" ಎನ್ನುತ್ತ, ಬಾಯಲ್ಲಿ ಮತ್ತೆ ಹೇಳಿಕೊಳ್ಳುತ್ತಿದ್ದಳು.

ನಾನೂ ಅವಳ ಜೊತೆ ತಿಕೋಟಾಕ್ಕೆ ಹೊರಟೆ. ಬಸ್ಸಿನ ಕಂಡಕ್ಟರ್ ಆ ಸುರುಳಿಯನ್ನು ಮೇಲೆ ಹಾಕಿ ಎಂದ. ಅಕ್ಕ ಒಪ್ಪಲಿಲ್ಲ. ಮೇಲೆ ಟ್ರಂಕು, ಗಾಲಿ, ಏನೇನೋ ಇರುತ್ತವೆ, ರಬ್ಬರು ಹರಿದರೆ ಏನು ಮಾಡುವುದು ಎಂದು ಅದನ್ನು ತೊಡೆಯ ಮೇಲೆ ಹೊತ್ತು ಕೂತಳು. ಕಾಲು ಜೋಮು ಹಿಡಿದರೂ ನನಗೆ ಕೊಡಲಿಲ್ಲ. ದಾರಿಯ ಎರಡೂ ಬದಿಗೆ ದ್ರಾಕ್ಷಿ ತೋಟಗಳ ಕಲ್ಲುಕಂಬಗಳು ಬಿಸಿಲಿಗೆ ನಿಂತಿದ್ದವು. ಅರ್ಧ ದಾರಿಯಲ್ಲಿ ಅವಳು ನನ್ನ ಕಡೆ ನೋಡದೆಯೇ ಹೇಳಿದಳು, "ಅವತ್ತ ಮುಂಜಾನಿ ಅವರು ಏನೂ ತಿಂದಿರಲಿಲ್ಲ. ರೊಟ್ಟಿ ಆಗಲಿ, ಬಂದು ಉಣ್ತೇನಿ ಅಂದಿದ್ರು." ನಾನು ಅವಳ ಭುಜಕ್ಕೆ ತಲೆ ಆನಿಸಿದೆ. 

ಆ ಸಂಜೆ ಅಕ್ಕ ಮಾವನಿಗೆ ಊಟಕ್ಕೆ ನೀಡುವಾಗ ವಿಷಯ ಹೇಳಿದಳು. ಕೇಬಲ್ ತಂದದ್ದನ್ನು ಕೇಳುತ್ತ ಅವರು ಉಣ್ಣುತ್ತಲೇ ಇದ್ದರು. ಯಂತ್ರ ಸರಿಸಬೇಕು ಎಂದಾಗ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಬಿಟ್ಟರು.

"ಅವ ಕೂಡ್ಸಿದ ಕಲ್ಲ ನಾ ಕೀಳಬೇಕೇನವ್ವಾ?"

"ನೀವು ಬ್ಯಾಡ್ರಿ. ಆಳು ಹಚ್ಚಿ ಕೀಳಸ್ತೇನಿ."

"ಮೂರು ದಿನಾ ಕುಂತು ಕೂಡ್ಸ್ಯಾನ ಅದನ್ನ. ರಸಮಟ್ಟ ಹಿಡದು, ನೀರ ಹಾಕಿ. ನಾ ನೋಡ್ಕೋತ ಕುಂತಿದ್ದೆ."

"ನಾನೂ ನೋಡೇನ್ರಿ ಮಾವಾರ." ಅಕ್ಕ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. "ನನ್ನ ಮಗಳು ನಾಳಿ ಆ ಹಿತ್ತಲದಾಗ ನಡ್ಯಾಕತ್ತಾಳ್ರಿ. ಜೋಡಣಿ ಇರೂ ವಾಯರ್ ನಾ ಈ ಮನಿಯಾಗ ಹಾಸೂದಿಲ್ಲ. ನಿಮಗ ಒಲ್ಲಂದ್ರ ಹೇಳ್ರಿ, ಕೊಯ್ತಾದ್ಲೆ ಕಡಕೋತ ಇರ್ತೇನಿ. ಮತ್ತ ಈ ಮಾತ ಎತ್ತೂದಿಲ್ಲ."

ಅವರು ಊಟ ಬಿಟ್ಟು ಎದ್ದರು. ಅಕ್ಕ ತಾಟನ್ನು ಹಾಗೇ ಮುಚ್ಚಿಟ್ಟು ಮಗುವನ್ನು ತಟ್ಟುತ್ತ ಮಲಗಿದಳು. ನನಗೆ ಯಾರ ಪರ ನಿಲ್ಲಬೇಕೆಂದು ತಿಳಿಯಲಿಲ್ಲ. ಈಗ ನೆನೆದರೂ ಆ ಹಿರಿಯರ ಮಾತು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಮಗನ ಕೈಕೆಲಸ ಭೂಮಿಯ ಮೇಲೆ ಉಳಿದದ್ದು ಅದೊಂದೇ.

ಮರುದಿನ ಬೆಳಗಿನ ಚಹಾದ ಹೊತ್ತಿಗೆ ಹಿತ್ತಿಲಿನಿಂದ ಬೇರೆಯೇ ಸದ್ದು ಬಂತು. ಹೋಗಿ ನೋಡಿದರೆ, ಅಕ್ಕನ ಮಾವ ತಾಡಪತ್ರಿ ಬಿಚ್ಚಿ ಮಡಚಿಟ್ಟು, ಹಾರೆ ಹಿಡಿದು ಯಂತ್ರದ ಬುಡ ಅಗೆಯುತ್ತಿದ್ದರು. ಸಿಮೆಂಟು ಒಡೆಯುವಾಗ ಕಲ್ಲಿಗೆ ಪೆಟ್ಟಾಗದಂತೆ ಬದಿಯಿಂದ ಬಿಡಿಸುತ್ತಿದ್ದರು. ಒಂದೊಂದು ಕಲ್ಲನ್ನೂ ಎತ್ತಿ, ಮಣ್ಣು ಜಾಡಿಸಿ, ಸಾಲಾಗಿ ಇಡುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ಅವರು ತಿರುಗಿ ನೋಡದೆ, "ಎಲ್ಲಿಗಿ ಬರಬೇಕ ಹಗ್ಗಾ ಹಿಡದ ತೋರ್ಸು," ಎಂದರು.

ಅವಳು ತೋರಿಸಿದಳು. ಹೊಸ ಜಾಗ ಗೋದಲಿಯ ಈಚೆಗೆ, ಮನೆಯ ಗೋಡೆಗೆ ಹತ್ತಿರವಾಗಿತ್ತು. ನೆಲ ಸ್ವಲ್ಪ ಎತ್ತರವಿದ್ದುದರಿಂದ ಅಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅವೇ ಕಲ್ಲುಗಳನ್ನು ಅಲ್ಲಿ ಹೂಳಿದರು. ಯಂತ್ರವನ್ನು ಸರಿಸಲು ಓಣಿಯ ನಾಲ್ವರು ಗಂಡಸರು ಬಂದರು.  ಆಮೇಲೆ ವಾಯರಮನ್ ಬಂದು, ಪಡಸಾಲೆಯ ಹೊರಗೆ ಗುಂಡಿ ತೋಡಿ, ತಗಡು ಹೂತು, ಉಪ್ಪು ಇದ್ದಿಲು ತುಂಬಿ, ಮೀಟರಿನಿಂದ ಅಲ್ಲಿಗೆ ತಂತಿ ಇಳಿಸಿದ. ಕೇಬಲ್ ದನದ ಕಾಲಿಗೆ ಸಿಗದಂತೆ ಗೋಡೆಗುಂಟ ಮರದ ಗೂಟಗಳನ್ನು ಹೊಡೆದು ಅವುಗಳ ಮೇಲೆ ಹಾಯಿಸಿದರು. ಕೇಬಲ್ ಸರಿಯಾಗಿ ಯಂತ್ರ ಮುಟ್ಟಿತು, ಒಂದು ಮೊಳ ಉಳಿಯಿತು.

ಮೊದಲ ಸಲ ಹಚ್ಚಿದ ದಿನ ಅಕ್ಕ ಯಾರನ್ನೂ ಹತ್ತಿರ ಬಿಡಲಿಲ್ಲ. ಮಗುವನ್ನು ನನ್ನ ಕೈಯಲ್ಲಿ ಕೊಟ್ಟು ಒಳಗೇ ನಿಲ್ಲಿಸಿದಳು. ಕಾಲಿಗೆ ರಬ್ಬರಿನ ಚಪ್ಪಲಿ ಹಾಕಿ, ಹಲಗೆಯ ಮೇಲೆ ನಿಂತು, ವಾಯರಮನ್‌ಗೆ ಪಡಸಾಲೆಯ ಗುಂಡಿ ಒತ್ತಲು ಹೇಳಿ, ಯಂತ್ರದ ಗುಂಡಿ ತಾನೇ ಒತ್ತಿದಳು. ಗಾಲಿ ಒಮ್ಮೆ ಜಗ್ಗಿ ತಿರುಗತೊಡಗಿತು. ಅವಳು ಒಂದು ಹಿಡಿ ಕಣಿಕೆ ಒಡ್ಡಿದಳು, ಮತ್ತೊಂದು ಹಿಡಿ ಒಡ್ಡಿದಳು. ಅವಳ ತುಟಿ ಬಿಗಿದಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಒರೆಸಲು ಅವಳಿಗೆ ಕೈ ಬಿಡುವಿರಲಿಲ್ಲ. ಅವಳ ಮಾವ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಯಂತ್ರ ನಿಂತ ಮೇಲೆಯೇ ಹೊಲದಿಂದ ಬಂದರು.

ಹಾಗೇ ನಡೆಯಿತು. ದಿನಾ ಬೆಳಿಗ್ಗೆ ಅಕ್ಕ ಯಂತ್ರ ನಡೆಸುವಳು, ಆರಿಸುವಳು, ಪಿನ್ ಕಿತ್ತು, ಕೇಬಲ್ ಒರೆಸಿ ಸುತ್ತಿ ಯಂತ್ರದ ಹತ್ತಿರ ಗೋಡೆಯ ಗೂಟಕ್ಕೆ ತೂಗುಹಾಕುವಳು. ಮಾವ ಮೇವು ತಂದು ಒಟ್ಟಿ, ಗುಂಡಿ ಒತ್ತುವ ಮೊದಲು ಹೊರಗೆ ಹೋಗಿಬಿಡುವರು. ನಾಲ್ಕು ಮನೆಯವರು ಬಂದು ಆ ಕೇಬಲ್ ನೋಡಿ ಹೋದರು. ಯಾರಾದರೂ ಎರವಲು ಕೇಳಿದರೆ ಅಕ್ಕ ಕೊಡುತ್ತಿರಲಿಲ್ಲ. ಆದರೆ ಅಂಗಡಿ ಯಾವ ಗಲ್ಲಿಯಲ್ಲಿದೆ, ಏನೇನು ಕೇಳಬೇಕು ಎಂದು ಕೂರಿಸಿ ಹೇಳುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ನನ್ನ ತರಬೇತಿ ಮುಗಿದು, ನೌಕರಿಯ ದಾರಿ ಕಾಯುತ್ತ ತಿಕೋಟಾದಲ್ಲಿದ್ದೆ. ಅಕ್ಕನಿಗೆ ಜ್ವರ ಬಂದು ಮಲಗಿದಳು. ಎರಡು ದಿನ ಅವಳ ಮಾವ ಕೊಯ್ತಾದಿಂದಲೇ ಕಡಿದರು. ಮೂರನೆಯ ದಿನ ಅವಳ ಹಾಸಿಗೆಯ ಹತ್ತಿರ ಬಂದು ನಿಂತರು.

"ಯವ್ವಾ, ಅದನ್ನ ಹೆಂಗ ಹಚ್ಚೂದು, ನನಗೊಂದಿಷ್ಟು ತೋರ್ಸು."

ಅಕ್ಕ ಗೋಡೆ ಹಿಡಿದು ಎದ್ದಳು. ಬೇಡ, ಮಲಗು ಎಂದು ನಾನು ಹೇಳಿದರೂ ಕೇಳಲಿಲ್ಲ. ಕಂಬಳಿ ಹೊದ್ದು ಪಡಸಾಲೆಯಲ್ಲಿ ನಿಂತು, ಮೊದಲು ಕೇಬಲ್ ಪೂರ್ತಿ ಬಿಚ್ಚಿ ಹಾಕಬೇಕು, ಕೈ ಒಣಗಿರಬೇಕು, ಪಿನ್ ಹೀಗೆ ಕೂಡಬೇಕು, ಆಮೇಲೆ ಗುಂಡಿ ಎಂದು ಒಂದೊಂದೇ ತೋರಿಸಿದಳು. ಅವರು ಒಂದೊಂದನ್ನೂ ಅವಳ ಮುಂದೆ ಮಾಡಿ, ಅವಳು ಹೂಂ ಎಂದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದರು. ಅವಳು ತನ್ನ ಚಪ್ಪಲಿ ಬಿಟ್ಟು ಅವರ ಮುಂದೆ ಸರಿಸಿದಳು. ಸಣ್ಣವಾದ ಆ ಚಪ್ಪಲಿಗಳಲ್ಲಿ ಅರ್ಧ ಪಾದ ತೂರಿಸಿ ಅವರು ಹಲಗೆಯ ಮೇಲೆ ನಿಂತರು. ಗಾಲಿ ತಿರುಗತೊಡಗಿತು. ಕಣಿಕೆ ಒಡ್ಡುವುದು ಮೊದಮೊದಲು ಸರಿ ಬರಲಿಲ್ಲ. ಅಕ್ಕ ಬಾಗಿಲಿನಿಂದಲೇ "ಸಾವಕಾಶ್ರಿ ಮಾವಾರ, ಸಾವಕಾಶ," ಎನ್ನುತ್ತಿದ್ದಳು.

ಅವತ್ತಿನ ಮೇವು ಸ್ವಲ್ಪ ಉದ್ದುದ್ದ ಬಿದ್ದಿತ್ತು. ಅವರು ಅದನ್ನು ಬುಟ್ಟಿಗೆ ತುಂಬಿ ಗೋದಲಿಗೆ ಹಾಕಿದರು. ದನಗಳು ಬಾಯಿ ಹಾಕಿದ್ದನ್ನು ನೋಡಿ, ಒಳಗೆ ಬಂದು, ಕೈಕಾಲು ತೊಳೆದುಕೊಂಡು ಅಕ್ಕನಿಗೆ ಗಂಜಿ ಕಾಸಲು ನನಗೆ ಹೇಳಿದರು.